ಸಂತೆಯ ಮಾರನೇ ದಿನ ನೆಟ್ಟಗೆ ನಿಂತವರು

ನಮ್ಮ ಕಡೆ ಕುಡಿಯದೇ ಇರುವುದಕ್ಕೆ ಮೂರೇ ಮೂರು ಕಾರಣಗಳನ್ನು ಜನ ಒಪ್ಪುತ್ತಾರೆ. ಒಂದೋ ಅಯ್ಯಪ್ಪನ ಮಾಲೆ ಹಾಕಿರಬೇಕು, ಇಲ್ಲ ಡಾಕ್ಟರು ಮಾತ್ರೆ ಕೊಟ್ಟಿರಬೇಕು, ಅದೂ ಅಲ್ಲದಿದ್ದರೆ ಮನೆಯಲ್ಲಿ ಸೂತಕ ಆಗಿರಬೇಕು. ಈ ಮೂರರಲ್ಲಿ ಒಂದನ್ನೂ ಹೇಳದೆ ‘ನಾನು ಕುಡಿಯಲ್ಲ’ ಎಂದವನನ್ನು ಗೋಣಿಬೀಡಿನಿಂದ ಕಳಸದವರೆಗೆ ಯಾವ ಗಂಡಸೂ ನಂಬುವುದಿಲ್ಲ.

ಬಿಟ್ಟ ಹೊಸತರಲ್ಲಿ ನಾನು ಈ ಮೂರನ್ನೂ ಸರದಿಯ ಮೇಲೆ ಬಳಸಿದೆ. ಬಣಕಲ್ಲಿನ ಹೋಟೆಲಿನಲ್ಲಿ ಮಾಲೆ ಎಂದೆ. ಬಾಯಿ ತುಂಬ ಕೋಳಿ ಸಾರಿನ ಅನ್ನ ಇಟ್ಟುಕೊಂಡು ಹಾಗೆಂದದ್ದು ತಪ್ಪಾಯಿತು. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಮಾತ್ರೆ ಎಂದೆ; ಕೇಳಿದವನು ಯಾವ ಮಾತ್ರೆ, ಎಷ್ಟು ಪವರು ಎಂದು ಶುರು ಮಾಡಿ, ತನ್ನ ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಹೋಲಿಸಲು ಕೂತ. ಗೋಣಿಬೀಡಿನಲ್ಲಿ ಸೂತಕ ಎಂದೆ. ಸತ್ತದ್ದು ಯಾರು ಅಂದಾಗ ಬಾಯಿಗೆ ಬಂದದ್ದು ನನ್ನ ಸೋದರಮಾವ. ಸಂಜೆಯೊಳಗೆ ಆರು ಜನ ಸಪ್ಪೆ ಮುಖ ಮಾಡಿಕೊಂಡು ನಮ್ಮ ಮನೆಗೆ ಮಾತಾಡಿಸಲು ಬಂದರು. ಅವರಿಗೆ ಬಾಗಿಲು ತೆಗೆದವನು ಅದೇ ಸೋದರಮಾವ.

ನಿಜವಾದ ಕಾರಣ ನಾಲ್ಕನೆಯದು. ನಮ್ಮ ಸಂಘ ತೀರ್ಮಾನ ಮಾಡಿತ್ತು, ನಾನು ಬಿಟ್ಟಿದ್ದೆ. ರಾಜಕೀಯಕ್ಕಾಗಿ ಕುಡಿಯುವವರನ್ನು ಈ ಜಿಲ್ಲೆ ಪ್ರತಿ ಎಲೆಕ್ಷನ್ನಿನಲ್ಲೂ ಕಾಣುತ್ತದೆ. ರಾಜಕೀಯಕ್ಕಾಗಿ ಬಿಟ್ಟವನನ್ನು ಕಂಡಿರಲಿಲ್ಲ. ಮೊದಲನೆಯವನು ನಾನೇ ಎಂದು ಹೇಳಿಕೊಳ್ಳಲು ಈಗ ನನಗೆ ಯಾವ ಸಂಕೋಚವೂ ಇಲ್ಲ. ಆವಾಗ ನಾಚಿಕೆಯಾಗುತ್ತಿತ್ತು.

ನಾವು ಇಪ್ಪತ್ತೆರಡು ಸಂಸಾರ ಕಾಫಿ ಎಸ್ಟೇಟಿನ ಲೈನಿನಲ್ಲಿ ಇದ್ದವರು. ಒಂದೇ ಉದ್ದನೆಯ ಹೆಂಚಿನ ಮಾಡು, ಅದರ ಕೆಳಗೆ ಗೋಡೆ ಹಾಕಿ ತುಂಡು ಮಾಡಿದ ಮನೆಗಳು. ಬೆಳಿಗ್ಗೆ ಮಸ್ಟರಿಗೆ ಹೋಗಿ ಹಾಜರಿ ಕೊಡುವವರೆಗೆ ಮಾತ್ರ ಆ ಮನೆ ನಮ್ಮದು. ಕೆಲಸ ಬಿಟ್ಟರೆ, ಕೈಲಾಗದೆ ಕೂತರೆ, ಮೇನೇಜರ ಜೊತೆ ಜಗಳ ಆದರೆ, ಪಾತ್ರೆ ಪಗಡೆ ಹೊರಗೆ. ನನ್ನ ಅಪ್ಪ ಆ ಲೈನಿನಲ್ಲಿ ಹುಟ್ಟಿ, ನೆರಳಿನ ಮರ ಹತ್ತಿ ಕೊಂಬೆ ಸವರುವ ಮರಗಸಿ ಮಾಡುವಾಗ ಬಿದ್ದು ಸೊಂಟ ಮುರಿದುಕೊಂಡು, ಕೊನೆಗೆ ಬಂಧುಗಳ ಮನೆಯ ಕೊಟ್ಟಿಗೆಯಲ್ಲಿ ಕಣ್ಣು ಮುಚ್ಚಿದ. ಇದೊಂದು ವಿಷಯದಲ್ಲಿ ನನಗೆ ತಮಾಷೆ ಬರುವುದಿಲ್ಲ.

ಹಳ್ಳದ ಆಚೆ ಒಂದು ದಿಣ್ಣೆ ಇತ್ತು. ಕಂದಾಯದ ದಾಖಲೆಯಲ್ಲಿ ಅದು ಸರ್ಕಾರಿ ಜಾಗ. ಎಸ್ಟೇಟಿನ ಬೇಲಿ ವರ್ಷ ವರ್ಷ ಒಂದೊಂದು ಹೆಜ್ಜೆ ನಡೆದು ಅದನ್ನು ಒಳಗೆ ಹಾಕಿಕೊಂಡಿತ್ತು. ಕಾಫಿ ಕೂಡ ಇಟ್ಟಿರಲಿಲ್ಲ, ಬರೀ ನಾಲ್ಕು ಸಾಲು ಸಿಲ್ವರ್ ಮರ. ಆ ಜಾಗ ನಮಗೆ ಮನೆ ಕಟ್ಟಿಕೊಳ್ಳಲು ಕೊಡಿ ಎಂಬುದೇ ನಮ್ಮ ಸಂಘದ ಹೋರಾಟ. ಬಾವುಟ, ಜಾಥಾ, ಚಿಕ್ಕಮಗಳೂರಿನ ಡಿಸಿ ಆಫೀಸಿನ ಮುಂದೆ ಧರಣಿ, ಎರಡು ಸಲ ಪೊಲೀಸ್ ವ್ಯಾನಿನ ಸವಾರಿ, ಎಲ್ಲ ಆಯಿತು. ಕೊನೆಗೆ ಒಂದು ಆದೇಶ ಬಂತು: ಸರ್ವೆ ಮಾಡಿ, ಬೇಲಿ ಎಲ್ಲಿದೆ, ಸರ್ಕಾರಿ ಗಡಿ ಎಲ್ಲಿದೆ ನೋಡಿ, ಎರಡೂ ಕಡೆಯವರ ಎದುರು ಮಹಜರು ಬರೆಯಬೇಕು. ಮಹಜರಿಗೆ ಐದು ಜನ ಪಂಚರು ಸಹಿ ಹಾಕಬೇಕು. ಆ ಕಾಗದ ಒಂದು ಸರಿಯಾದರೆ ದಿಣ್ಣೆ ನಮ್ಮದು.

ಸಂಘದಲ್ಲಿ ನನಗೊಂದು ದೊಡ್ಡ ಹುದ್ದೆ ಇತ್ತು, ಆದರೆ ಅದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಜಾಥಾ ಮುಗಿದ ಮೇಲೆ ಕೂರುವ ಗುಂಪಿನಲ್ಲಿ ನಾನು ರಾಜ. ಎರಡು ಗುಟುಕು ಒಳಗೆ ಹೋದರೆ ಸಾಕು, ಮೇನೇಜರು ಜೀಪಿನಿಂದ ಇಳಿಯುವ ರೀತಿ, ಎಸ್ಟೇಟಿನ ಒಡೆಯರಾದ ಸಾವ್ಕಾರ್ರು ಮೂಗು ಒರೆಸುವ ರೀತಿ, ಇನ್ಸ್‌ಪೆಕ್ಟರು ನಮ್ಮನ್ನು ವ್ಯಾನಿಗೆ ಹತ್ತಿಸುವಾಗ ಪ್ಯಾಂಟು ಎಳೆದುಕೊಳ್ಳುವ ರೀತಿ, ಎಲ್ಲ ಮಾಡಿ ತೋರಿಸುತ್ತಿದ್ದೆ. ಪೇಟೆಯ ಸಂಗಾತಿಗಳು ನನ್ನನ್ನು ನೋಡಲೆಂದೇ ಬಾಟಲಿ ಹಿಡಿದುಕೊಂಡು ಬರುತ್ತಿದ್ದರು. ಕುಡಿಯದವನನ್ನು ನಾವು ಸಂಗಾತಿ ಎಂದೇ ಎಣಿಸುತ್ತಿರಲಿಲ್ಲ. ಯಾರಾದರೂ ಲೋಟ ಬೇಡ ಎಂದರೆ ‘ಇವ್ನು ಯಾರ ಕಡೆಯವ್ನು ಮಾರಾಯ?’ ಎಂದು ಕೇಳುತ್ತಿದ್ದವನು ನಾನೇ.

ಈಗ ನಮ್ಮ ದೊಡ್ಡ ತಪ್ಪಿನ ಮಾತು. ಸರ್ವೆಗೆ ದಿನ ಗೊತ್ತು ಮಾಡುವಾಗ ಎಸ್ಟೇಟಿನವರು ಸಂತೆಯ ಮಾರನೇ ದಿನ ಆಗಬಹುದೇ ಎಂದು ಕೇಳಿದರು. ಸಂಘದ ಪರವಾಗಿ ಹೋಗಿದ್ದವನು ನಾನು. ಆಗಬಹುದು ಎಂದು ಸಹಿ ಹಾಕಿ, ಮೀಸೆ ತಿರುವಿಕೊಂಡು ಬಂದೆ. ನನ್ನ ಲೆಕ್ಕ ಹೀಗಿತ್ತು: ಸಂತೆಯ ಮಾರನೇ ದಿನ ಯಾರೂ ಮಸ್ಟರಿಗೆ ಹೋಗುವುದಿಲ್ಲ, ಎಲ್ಲರೂ ಮನೆಯಲ್ಲೇ ಇರುತ್ತಾರೆ, ಇಪ್ಪತ್ತೆರಡು ಮನೆಯ ಜನ ದಿಣ್ಣೆಯ ಮೇಲೆ ಬಂದು ನಿಲ್ಲುತ್ತಾರೆ. ಅವರು ಯಾಕೆ ಮಸ್ಟರಿಗೆ ಹೋಗುವುದಿಲ್ಲ ಎಂದು ಮಾತ್ರ ನನಗೆ ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ಹಾಗೆ ಮಲಗಿರುವವರಲ್ಲಿ ನಾನೇ ಮೊದಲಿಗ.

ಸಂತೆಯ ಮಧ್ಯಾಹ್ನ ಎಸ್ಟೇಟಿನ ರೈಟರು, ಅಂದರೆ ಹಾಜರಿ ಪುಸ್ತಕ ಬರೆಯುವವರು, ಜೀಪಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ತಂದು ನಮ್ಮ ಜಗಲಿಯ ಮೇಲಿಟ್ಟರು.

“ಸಾವ್ಕಾರ್ರು ಖುಷಿಯಿಂದ ಕೊಟ್ಟಿದ್ದು ಮಾರಾಯ. ಜಗಳ ಏನೇ ಇರ್ಲಿ, ನೀವೆಲ್ಲ ನಮ್ ಜನ ಅಲ್ವಾ?”

“ಅಲ್ವಾ ಮತ್ತೆ!” ಅಂದೆ ನಾನು. ಪೆಟ್ಟಿಗೆಯ ತುಂಬ ಕ್ವಾರ್ಟರ್ ಬಾಟಲಿ. ಗೆದ್ದ ಹಾಗೆಯೇ ಆಯಿತು ಎಂದುಕೊಂಡೆವು. ಹೆದರಿದ್ದಕ್ಕೇ ಕಳಿಸಿದ್ದಾರೆ ಎಂದು ನಾನು ಭಾಷಣವನ್ನೂ ಮಾಡಿದೆನಂತೆ.

ಬೆಳಿಗ್ಗೆ ಸರ್ವೆಯವರು ಬಂದಾಗ ಐದು ಪಂಚರಲ್ಲಿ ಇಬ್ಬರು ಏಳಲೇ ಇಲ್ಲ. ಇನ್ನಿಬ್ಬರು ಎದ್ದರು, ದಿಣ್ಣೆ ಯಾವ ದಿಕ್ಕಿಗೆ ಎಂದು ವಾದಕ್ಕೆ ಬಿದ್ದರು. ಐದನೆಯವನಾದ ನಾನು ಗಡಿಕಲ್ಲನ್ನು ಅಪ್ಪಿಕೊಂಡು ಕೂತು ‘ನನ್ನ ಹೆಣ ಬಿದ್ದರೂ ಇದನ್ನು ಬಿಡೋದಿಲ್ಲ’ ಎಂದು ಕೂಗಿದೆ. ಅದು ಗಡಿಕಲ್ಲೇ ಆಗಿರಲಿಲ್ಲ, ಯಾರೋ ಬಟ್ಟೆ ಒಗೆಯಲು ಹಾಕಿದ್ದ ಕಲ್ಲು. ಮೇನೇಜರು ಒಂದು ಕಾಗದ ಬರೆದು ಕೊಟ್ಟರು: ಪಂಚರು ಅಮಲಿನಲ್ಲಿದ್ದಾರೆ, ಇವರ ಎದುರು ಬರೆದ ಮಹಜರನ್ನು ನಾವು ಒಪ್ಪುವುದಿಲ್ಲ. ಸರ್ವೆಯವರು ಹೌದು ಎಂದು ತಲೆಯಾಡಿಸಿ ಹೊರಟರು. ಅವರದೇನು ತಪ್ಪು?

ಒಂದು ಸಲ ಆದದ್ದನ್ನು ಹೇಗೋ ಮಾಫಿ ಮಾಡಬಹುದು. ಏಳು ತಿಂಗಳು ಓಡಾಡಿ ಮತ್ತೆ ದಿನ ತಂದೆವು. ಮತ್ತೆ ಸಂತೆಯ ಮಾರನೇ ದಿನ, ಮತ್ತೆ ನನ್ನದೇ ಸಹಿ, ಮತ್ತೆ ಪೆಟ್ಟಿಗೆ. ಈ ಸಲ ಎಲ್ಲರೂ ಎದ್ದು ಬಂದೆವು, ಆದರೆ ರಸ್ತೆ ಪಕ್ಕದ ಸೈಟು ಯಾರಿಗೆ ಎಂದು ನಮ್ಮ ನಮ್ಮಲ್ಲೇ ಹೊಡೆದಾಟವಾಯಿತು. ಇನ್ನೂ ಸಿಗದ ಜಾಗಕ್ಕೆ ಇಬ್ಬರ ತಲೆ ಒಡೆಯಿತು. ಸರ್ವೆಯವರು ಜೀಪಿನಿಂದ ಇಳಿಯಲೂ ಇಲ್ಲ.

ಆ ಭಾನುವಾರ ಸಂಘದ ಸಭೆ ಸೇರಿತು. ಅಲ್ಲಿ ಎದ್ದು ನಿಂತವಳು ನನ್ನ ಅತ್ತಿಗೆ. ಅಣ್ಣ ಹೋದ ಮೇಲೆ ಮೂರು ಮಕ್ಕಳನ್ನು ಕಾಫಿ ಹಣ್ಣು ಕೊಯ್ದು ಸಾಕಿದವಳು. ಕೊಯ್ಲಿನ ಹೆಂಗಸರ ಗ್ಯಾಂಗಿಗೆ ಅವಳೇ ಮುಂದಾಳು. ಅವಳು ಬುಟ್ಟಿ ಕೆಳಗಿಟ್ಟಳು ಅಂದರೆ ಇಡೀ ಸಾಲು ಬುಟ್ಟಿ ಇಡುತ್ತಿತ್ತು. ನನ್ನ ತಮಾಷೆಗೆ ಲೈನಿನಲ್ಲಿ ನಗದ ಒಂದೇ ಒಂದು ಜೀವ ಅವಳು.

“ಒಂದು ಮಾತು. ಹಕ್ಕುಪತ್ರ ಕೈಗೆ ಬರೋತನ್ಕ ಕುಡಿದವ್ರಿಗೆ ಈ ಸಂಘದಲ್ಲಿ ಬಾಯಿಲ್ಲ. ಪಂಚರಾಗಂಗಿಲ್ಲ, ಕೈ ಎತ್ತಂಗಿಲ್ಲ, ಭಾಷಣ ಮಾಡಂಗಿಲ್ಲ. ಕುಡೀಬ್ಯಾಡಿ ಅಂತ ನಾನೆಲ್ಲಿ ಹೇಳ್ದೆ? ಕುಡೀರಿ. ಕುಡ್ದು ಸುಮ್ನೆ ಮನೇಲಿರಿ.”

ಆ ಸಭೆಗೆ ಚಿಕ್ಕಮಗಳೂರಿನಿಂದ ನಮ್ಮ ಮೇಷ್ಟ್ರು ಬಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳುವವರು, ನಮ್ಮ ಅರ್ಜಿಗಳನ್ನೆಲ್ಲ ಬರೆದವರು, ನಮ್ಮ ಜೊತೆ ವ್ಯಾನು ಹತ್ತಿದವರು. ಒಳ್ಳೆಯ ಮನುಷ್ಯ, ನನ್ನ ದೊಡ್ಡ ಅಭಿಮಾನಿ. ಅವರಿಗೆ ಇದು ಸರಿ ಕಾಣಲಿಲ್ಲ.

“ಹಾಗಲ್ಲ ತಾಯಿ. ಕುಡಿಯೋದು ಬಿಡೋದು ಅವರವರ ಸ್ವಂತದ್ದು. ದುಡಿಯೋ ಜನರನ್ನ ಕುಡುಕರು ಅಂತ ಹೀಗಳೆಯೋದು ಮೇಲಿನವರ ಚಾಳಿ. ಅದನ್ನ ನಾವೇ ಶುರು ಮಾಡಿದ್ರೆ ಹೋರಾಟ ಹೋಗಿ ಭಜನೆ ಮಂಡಳಿ ಆಗುತ್ತೆ.”

ಗಂಡಸರೆಲ್ಲ ಜೋರಾಗಿ ತಲೆಯಾಡಿಸಿದೆವು. ನಮ್ಮ ಬಾಟಲಿಗೆ ಇಷ್ಟು ದೊಡ್ಡ ತತ್ವ ಇದೆ ಎಂದು ಅಲ್ಲಿಯವರೆಗೆ ನಮಗೂ ಗೊತ್ತಿರಲಿಲ್ಲ.

ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಮೇಷ್ಟ್ರೇ, ನೀವು ಕುಡಿದ್ರೆ ಬೆಳಿಗ್ಗೆ ನಿಮಗೆ ತಲೆ ನೋಯ್ತದೆ. ಇವ್ರು ಕುಡಿದ್ರೆ ನಮ್ ಸರ್ವೆ ನಿಲ್ತದೆ. ಎರಡೂ ಒಂದೇನಾ? ಸಂಬಳ ಜಾಸ್ತಿ ಕೇಳಿದಾಗ ಸಾವ್ಕಾರ್ರು ಕೊಟ್ರಾ? ಲೈನಿಗೆ ಕಕ್ಕಸು ಕೇಳಿದಾಗ ಕೊಟ್ರಾ? ಕೇಳ್ದೇ ಕೊಟ್ಟಿದ್ದು ಇದೊಂದೇ. ಯಾಕೆ ಅಂತ ನೀವೇ ಹೇಳಿ, ನೀವು ಓದಿದವ್ರು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಹೆಂಗಸರು ಒಬ್ಬೊಬ್ಬರಾಗಿ ಕೈ ಎತ್ತಿದರು. ಎಣಿಸಿ ನೋಡಿದರೆ ಸಂಘದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು! ಇದೂ ನಮಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಸಭೆ ಮುಗಿದ ಮೇಲೆ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ, “ನಿಂಗೆ ಆಗಲ್ಲ ಬಿಡು” ಅಂದಳು. ಅಷ್ಟೇ. ಬೇಕೆಂದೇ ಹಾಗಂದಳು ಎಂದು ಗೊತ್ತಾಗಲು ನನಗೆ ಮೂರು ವರ್ಷ ಹಿಡಿಯಿತು. ಅವತ್ತು ಮಾತ್ರ ರೋಷ ಉಕ್ಕಿ ಅಲ್ಲೇ ಬಿಟ್ಟೆ.

ಬಿಡುವುದು ಸುಲಭವಾಗಿತ್ತು ಎಂದು ಜಂಬ ಕೊಚ್ಚಬಹುದಿತ್ತು. ಆದರೆ ಆಗ ನನ್ನ ಕೈ ನೋಡಿದವರು ಇನ್ನೂ ಬದುಕಿದ್ದಾರೆ. ಲೋಟ ಹಿಡಿದರೆ ಕಾಫಿ ಅಂಗಿಯ ಮೇಲೆ. ಬೀಡಿಗೆ ಕಡ್ಡಿ ಗೀರಿದರೆ ಬೀಡಿ ಒಂದು ಕಡೆ, ಬೆಂಕಿ ಒಂದು ಕಡೆ. ಹದಿನೈದು ದಿನ ನಿದ್ದೆ ಬರಲಿಲ್ಲ, ಬೆವರು. ಮೂಡಿಗೆರೆ ಆಸ್ಪತ್ರೆಯ ಡಾಕ್ಟರು ಬೈದು ಬುದ್ಧಿ ಹೇಳಿ ಔಷಧಿ ಕೊಟ್ಟರು, ಹಾಗಾಗಿ ಸ್ವಲ್ಪ ದಿನ ಆ ಮಾತ್ರೆಯ ಕಾರಣ ನಿಜವೂ ಆಗಿತ್ತು. ಬರೀ ಬೆಲ್ಲದ ಕರಿಕಾಫಿ ಕುಡಿದು ಕುಡಿದು, ಅತ್ತಿಗೆ ನಮ್ಮ ಮನೆಯ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು.

ಮೈಯ ನಡುಕಕ್ಕಿಂತ ಇನ್ನೊಂದು ಹೆದರಿಕೆ ದೊಡ್ಡದಿತ್ತು. ಕುಡಿಯದೆ ನನಗೆ ತಮಾಷೆ ಬರುತ್ತದೋ ಇಲ್ಲವೋ? ಸಂತೆಯ ಸಂಜೆ ಗೆಳೆಯರ ಗುಂಪಿನಲ್ಲಿ ಬರಿಗೈಯಲ್ಲಿ ಕೂತು ಮೇನೇಜರ ಅಣಕ ಮಾಡಲು ಹೋದೆ. ಯಾರೂ ನಗಲಿಲ್ಲ. ಅಂದರೆ ಮೂವತ್ತು ವರ್ಷ ನಗಿಸುತ್ತಿದ್ದದ್ದು ನಾನಲ್ಲ, ಅವರೊಳಗಿನ ಎಣ್ಣೆ ನನ್ನೊಳಗಿನ ಎಣ್ಣೆಗೆ ನಗುತ್ತಿತ್ತೋ ಏನೋ. ಅವತ್ತು ಗುಂಪಿನಿಂದ ಎದ್ದು ಬಂದೆ, ಮತ್ತೆ ಹೋಗಲಿಲ್ಲ. ಹಗಲು ಕಾಣುವ ಸಣ್ಣಪುಟ್ಟ ಕಿತಾಪತಿ ಶುರು ಮಾಡಿದೆ. ನಮ್ಮ ಕೈಲಿ ಕೆಲಸ ಮಾಡಿಸುವ ಮೇಸ್ತ್ರಿಯ ಸೀಟಿಯಲ್ಲಿ ಬೆಲ್ಲ ತುಂಬಿದೆ. ಹಾಜರಿಗೆ ಕರೆಯುವಾಗ ಅದರಿಂದ ಸದ್ದೇ ಬರದೆ, ಅವರು ಕೆಂಪಗಾಗಿ ಊದಿದಾಗ ಬೆಲ್ಲದ ಉಂಡೆ ರೈಟರ ಪುಸ್ತಕದ ಮೇಲೆ ಬಿತ್ತು. ಆಗ ಇಡೀ ಮಸ್ಟರು ನಕ್ಕಿತು, ಬೆಳಿಗ್ಗೆ ಏಳೂವರೆಗೆ, ಹೊಟ್ಟೆಯಲ್ಲಿ ಗಂಜಿ ಬಿಟ್ಟು ಏನೂ ಇಲ್ಲದ ಜನ. ಆಹಾ, ಅದೇನು ನಗು!

ಒಬ್ಬನಾದ ಮೇಲೆ ಒಬ್ಬ ಬಿಡತೊಡಗಿದರು. ಎಲ್ಲರೂ ಅಲ್ಲ, ಎಲ್ಲರೂ ಎಂದರೆ ನೀವು ನಂಬುವುದೂ ಬೇಡ. ನಾಲ್ಕೈದು ಜನ ಕುಡಿಯುತ್ತಲೇ ಇದ್ದರು, ಸಭೆಗೆ ಬಂದು ಹಿಂದೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ಗೊತ್ತಾಗಿ ಅವರಲ್ಲೂ ಇಬ್ಬರು ಬಿಟ್ಟರು.

ಮೂರನೇ ಸಲ ಸರ್ವೆಗೆ ದಿನ ಕೇಳುವ ಹೊತ್ತು ಬಂತು. ಬೇರೆ ವಾರ ಕೇಳು, ಸಂತೆಯ ಹತ್ತಿರ ಬೇಡ ಎಂದು ಅತ್ತಿಗೆ ಹೇಳಿದಳು. ನಾನು ಒಪ್ಪಲಿಲ್ಲ.

“ಸಂತೆ ಮಾರನೇ ದಿನಾನೇ ಇರ್ಲಿ ಅತ್ತಿಗೆ. ಬೇರೆ ದಿನ ಕೇಳಿದ್ರೆ ಅವ್ರಿಗೆ ಗೊತ್ತಾಗ್ತದೆ ನಾವು ಎಚ್ಚರ ಆದ್ವಿ ಅಂತ. ವಕೀಲರ ಹತ್ರ ಓಡ್ತಾರೆ, ಏನಾದ್ರೂ ಅಡ್ಡ ಹಾಕ್ತಾರೆ. ಈಗ ಅವರ ಧೈರ್ಯ ಪೂರ್ತಿ ಆ ಪೆಟ್ಟಿಗೆ ಮೇಲೇ ಇದೆ. ಇರ್ಲಿ ಬಿಡು.”

“ಪೆಟ್ಟಿಗೆ ಬಂದ್ಮೇಲೆ?”

“ಕುಡಿದಂಗೆ ಆಡ್ತೀವಿ.”

“ಆಡಕ್ಕೆ ಹೋಗಿ ಕುಡಿದೇ ಬಿಟ್ರೆ?”

ಅದಕ್ಕೂ ಅವಳೇ ಒಂದು ಕಟ್ಟಳೆ ಮಾಡಿದಳು. ಪೆಟ್ಟಿಗೆ ತೆಗೆದುಕೊಳ್ಳಿ, ಅದರ ಮೇಲಿನ ಟೇಪು ಕೀಳಬಾರದು. ಟೇಪು ಕಿತ್ತರೆ ಮಾರನೇ ದಿನ ಹೆಂಗಸರು ಯಾರೂ ದಿಣ್ಣೆಗೆ ಬರುವುದಿಲ್ಲ. ಈ ಸಲದ ಐದು ಪಂಚರಲ್ಲಿ ಇಬ್ಬರು ಹೆಂಗಸರು, ಅದರಲ್ಲಿ ಒಬ್ಬಳು ಅವಳೇ. ಅಂದರೆ ನಾವು ಜಾರಿದರೆ ಮಹಜರೂ ಇಲ್ಲ, ಮನೆಯೂ ಇಲ್ಲ.

ಸಂತೆಯ ದಿನ ಹನ್ನೆರಡು ಗಂಟೆಗೆ ಸರಿಯಾಗಿ ಜೀಪು ಬಂತು. ಈ ಸಲ ಪೆಟ್ಟಿಗೆ ದೊಡ್ಡದು. ರೈಟರು ಸಂಜೆ ಮತ್ತೆ ಈ ಕಡೆ ಬರುತ್ತೇನೆ, ಏನಾದರೂ ಕಮ್ಮಿಯಾದರೆ ಹೇಳಿ ಎಂದು ಬಲು ಪ್ರೀತಿಯಿಂದ ಹೇಳಿ ಹೋದರು. ಪೆಟ್ಟಿಗೆಯನ್ನು ನನ್ನ ಮನೆಯೊಳಗೆ ಇಟ್ಟೆವು. ಉಳಿದವರು ಊಟಕ್ಕೆ ಹೋದರು. ನಾನೂ ಪೆಟ್ಟಿಗೆಯೂ ಎದುರು ಬದುರು ಕೂತೆವು.

ಬಾಟಲಿಗಳು ಒಳಗೇ ಒಂದಕ್ಕೊಂದು ತಾಗಿ ಕಿಣಿ ಎನ್ನುತ್ತಿದ್ದ ಹಾಗೆ ನನಗೆ ಕೇಳಿಸುತ್ತಿತ್ತು. ಯಾರೂ ಮುಟ್ಟಿರಲಿಲ್ಲ, ಆದರೂ ಕೇಳಿಸುತ್ತಿತ್ತು. ಒಂದು ಬಾಟಲಿ ಅಡಿಯಿಂದ ತೆಗೆದರೆ ಮೇಲಿನ ಟೇಪು ಹಾಗೇ ಇರುತ್ತದೆ, ಈ ಉಪಾಯ ನನ್ನಂಥವನಿಗೆ ಬರದೇ ಇರುತ್ತದೆಯೇ? ಪೆಟ್ಟಿಗೆಯನ್ನು ಬೋರಲು ಹಾಕಿದೆ. ಅಡಿಯಲ್ಲಿ ರಟ್ಟು ಎರಡು ಮಡಿಕೆ ಒಂದರೊಳಗೆ ಒಂದು ಸಿಕ್ಕಿಸಿತ್ತು, ಅಷ್ಟೇ. ಉಗುರು ಹಾಕಿದರೆ ಬಿಡುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತಿಗೆ. ಬೋರಲು ಬಿದ್ದ ಪೆಟ್ಟಿಗೆ ನೋಡಿದಳು, ನನ್ನ ಉಗುರು ನೋಡಿದಳು. ಬೈಯಲಿಲ್ಲ.

“ನಮ್ಮನೇಲಿ ಇಡ್ಲಾ ಅದನ್ನ?” ಎಂದು ಕೇಳಿದಳು.

ಹೂಂ ಅಂದರೆ ಮುಗಿಯುತ್ತಿತ್ತು, ಆರಾಮ. ಆದರೆ ನಾಳೆ ಮೇನೇಜರ ಎದುರು ನಿಂತಾಗ ಅವಳ ಮನೆಯ ಅಟ್ಟದ ಬಲದಿಂದ ನಾನು ನಿಂತ ಹಾಗಾಗುತ್ತದೆ. “ಬ್ಯಾಡ. ಇಲ್ಲೇ ಇರ್ಲಿ” ಅಂದೆ. ಪೆಟ್ಟಿಗೆಯನ್ನು ನೆಟ್ಟಗೆ ಮಾಡಿ ಇಟ್ಟೆ. ಅವಳು ಒಂದು ದೊಡ್ಡ ತಪ್ಪಲೆ ಬೆಲ್ಲದ ಕಾಫಿ ತಂದು ಅದರ ಮೇಲಿಟ್ಟು ಹೋದಳು. ಆಟಕ್ಕೆ ಬೇಕಾದ ಸಾಮಾನು ಅದು. ಮೊದಲ ಎರಡು ಪೆಟ್ಟಿಗೆಗಳ ಖಾಲಿ ಬಾಟಲಿಗಳು ಲೈನಿನ ಹಿಂದೆ ಬೇಕಾದಷ್ಟು ಬಿದ್ದಿದ್ದವು. ತೊಳೆದು ಕಾಫಿ ತುಂಬಿಸಿದರೆ ಬಣ್ಣದಲ್ಲಿ ಒಂಚೂರೂ ವ್ಯತ್ಯಾಸ ಇಲ್ಲ.

ನಾಲ್ಕು ಗಂಟೆಗೆ ರೈಟರು ಬಂದಾಗ ನಡೆದದ್ದನ್ನು ನಾನೇ ಹೇಳಿದರೆ ಚೆನ್ನಾಗಿರುವುದಿಲ್ಲ, ಆದರೂ ಹೇಳುತ್ತೇನೆ, ಬೇರೆ ಯಾರು ಹೇಳಿದರೂ ಕಮ್ಮಿ ಹೇಳುತ್ತಾರೆ. ಹೊಸಬರು ಕುಡಿದವರ ಹಾಗೆ ಆಡಲು ಹೋಗಿ ಬೀಳುತ್ತಾರೆ. ನಿಜವಾದ ಕುಡುಕ ಬೀಳದ ಹಾಗೆ ನಡೆಯಲು ಪ್ರಯತ್ನಿಸುತ್ತಾನೆ, ಅದರಲ್ಲೇ ಸಿಕ್ಕಿಬೀಳುತ್ತಾನೆ. ಇದನ್ನು ನಾನು ಎಲ್ಲರಿಗೂ ವಾರವಿಡೀ ಕಲಿಸಿದ್ದೆ. ಒಬ್ಬ ಚಪ್ಪಲಿ ಹುಡುಕುತ್ತಿದ್ದ, ಅದು ಅವನ ಕಾಲಲ್ಲೇ ಇತ್ತು. ಇನ್ನೊಬ್ಬ ಸಿಲ್ವರ್ ಮರಕ್ಕೆ ಕ್ಷಮೆ ಕೇಳುತ್ತಿದ್ದ. ನಾನು ಬಾಟಲಿ ಎತ್ತಿ ಕಾಫಿಯನ್ನು ಗಟಗಟ ಕುಡಿದು, ಮುಖ ಕಿವುಚಿ, ರೈಟರ ಎರಡೂ ಕೆನ್ನೆ ಹಿಡಿದುಕೊಂಡೆ.

“ರೈಟ್ರೇ... ನೀವು ನಮ್ ದೇವ್ರು. ನಾಳೆ... ನಾಳೆ ಎಂಥದೋ ಇತ್ತಲ್ಲ ಮಾರಾಯ್ರೇ?”

“ಏನಿಲ್ಲ, ಏನಿಲ್ಲ. ಆರಾಮಾಗಿ ಮಲ್ಕೋ” ಎಂದು ಅವರು ನನ್ನ ಬೆನ್ನು ತಟ್ಟಿದರು. ಜೀಪು ಹತ್ತುವಾಗ ಅವರು ಸೀಟಿ ಹೊಡೆಯುತ್ತಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ಸರ್ವೆಯವರು ಬಂದರು. ಇವರು ಹೊಸಬರು, ಚಿಕ್ಕ ವಯಸ್ಸು, ಮಾತು ಕಡಿಮೆ. ಹಿಂದೆಯೇ ಮೇನೇಜರ ಜೀಪು. ಇಳಿದವರೇ ಅವರು ದಿಣ್ಣೆಯ ಕಡೆ ನೋಡಲೂ ಇಲ್ಲ, ಒಂದು ಕಾಗದ ಸರ್ವೆಯವರ ಕೈಗೆ ಕೊಟ್ಟರು. ಮನೆಯಿಂದಲೇ ಟೈಪ್ ಮಾಡಿಸಿಕೊಂಡು ಬಂದ ಕಾಗದ! ಸರ್ವೆಯವರು ಗಟ್ಟಿಯಾಗಿ ಓದಿದರು: ‘ಪಂಚರು ಮದ್ಯಪಾನ ಮಾಡಿ ನಿಲ್ಲಲೂ ಆಗದ ಸ್ಥಿತಿಯಲ್ಲಿರುವುದರಿಂದ...’

ಓದಿ ತಲೆಯೆತ್ತಿದರು. ದಿಣ್ಣೆಯ ಮೇಲೆ ಇಪ್ಪತ್ತೆರಡು ಮನೆಯ ಜನ ನಿಂತಿದ್ದೆವು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಮದುವೆಗೆ ಹೊರಟವರ ಹಾಗೆ. ಮುಂದಿನ ಸಾಲಿನಲ್ಲಿ ಐದು ಜನ ಪಂಚರು. ಒಂದು ಕೆಮ್ಮೂ ಇಲ್ಲ. ನಾನಂತೂ ಎಷ್ಟು ನೆಟ್ಟಗೆ ನಿಂತಿದ್ದೆ ಅಂದರೆ ಸೊಂಟ ಹಿಡಿದುಕೊಂಡಿತು.

“ಇವ್ರೇನಾ ಪಂಚರು?” ಎಂದು ಸರ್ವೆಯವರು ಮೇನೇಜರನ್ನು ಕೇಳಿದರು.

ಮೇನೇಜರು ರೈಟರ ಕಡೆ ತಿರುಗಿದರು. ರೈಟರು ನನ್ನನ್ನು ನೋಡಿದರು. ನಾನು ಕೈ ಮುಗಿದೆ.

ಮೇನೇಜರು ಸುಲಭಕ್ಕೆ ಬಿಡುವ ಪೈಕಿ ಅಲ್ಲ. “ನಿಂತ ಮಾತ್ರಕ್ಕೆ ಆಗೋಯ್ತಾ? ಇವನು ಕುಡಿಯದೇ ಇರೋ ಆಸಾಮಿನಾ? ಕೈ ಮುಂದೆ ಚಾಚೋಕೆ ಹೇಳಿ, ನಡುಗುತ್ತೆ ನೋಡಿ” ಅಂದರು.

ನಿಜ ಹೇಳುತ್ತೇನೆ, ಕೈ ನಡುಕ ಪೂರ್ತಿ ಹೋಗಿದೆ ಎಂದು ನನಗೇ ನಂಬಿಕೆ ಇರಲಿಲ್ಲ. ರಾತ್ರಿ ನಿದ್ದೆ ಬೇರೆ ಇರಲಿಲ್ಲ. ಸರ್ವೆಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದು ಕಂಬ ತಂದು ಕೈಗೆ ಕೊಟ್ಟರು. ಈಗಿನ ಸರ್ವೆಗೆ ಚೈನು ಇಲ್ಲ. ಎತ್ತರದ ಕಂಬ, ಅದರ ತುದಿಯಲ್ಲಿ ಅಣಬೆಯ ಹಾಗೆ ಒಂದು ಮಿಷನ್ನು. ಕಂಬದ ನಡುವೆ ಒಂದು ಪುಟ್ಟ ಗಾಜಿನ ಬಿಲ್ಲೆ, ಅದರೊಳಗೆ ನೀರು, ನೀರಿನೊಳಗೆ ಒಂದು ಗುಳ್ಳೆ, ಗಾರೆಯವರ ರಸಮಟ್ಟದಲ್ಲಿ ಇರುವ ಹಾಗೆ.

“ಗುಳ್ಳೆ ಈ ಗೀಟಿನ ಒಳಗೇ ಇರ್ಬೇಕು. ಆಚೆ ಹೋದ್ರೆ ಮಿಷನ್ ಲೆಕ್ಕ ತಗೊಳ್ಳಲ್ಲ. ಹಿಡೀತೀರಾ?”

ಹಿಡಿದೆ. ಗುಳ್ಳೆ ಒಂದು ಸಲ ಆ ಕಡೆ ಹೋಯಿತು, ಒಂದು ಸಲ ಈ ಕಡೆ ಬಂತು. ಹಿಂದೆ ಇಪ್ಪತ್ತೆರಡು ಮನೆಯವರು ಉಸಿರು ಹಿಡಿದು ನಿಂತಿದ್ದರು. ನಾನು ಆ ಗುಳ್ಳೆಯನ್ನೇ ದಿಟ್ಟಿಸಿದೆ. ನಿಧಾನಕ್ಕೆ ಅದು ಗೀಟಿನ ನಡುವೆ ಬಂದು ಕೂತಿತು. ಮಿಷನ್ನು ಕುಂಯ್ ಎಂದಿತು.

“ಆಯ್ತು. ಮುಂದಿನ ಪಾಯಿಂಟು” ಅಂದರು ಸರ್ವೆಯವರು.

ಮಧ್ಯಾಹ್ನ ಎರಡರವರೆಗೆ ದಿಣ್ಣೆಯ ಸುತ್ತ ಒಂದೊಂದು ತಿರುವಿಗೂ ನಾನೇ ಕಂಬ ಹಿಡಿದೆ. ಅವರ ಸಹಾಯಕ ಬೀಡಿ ಸೇದುತ್ತ ನೆರಳಲ್ಲಿ ಕೂತಿದ್ದ. ಜಿಗಣೆ ಕಾಲು ಹತ್ತಿತು, ಕೈ ಬಿಟ್ಟು ಕೀಳಲಿಲ್ಲ. ನಡುವೆ ಒಂದು ಸಲ ಸರ್ವೆಯವರು ನಗುತ್ತ, “ಏನು ಅಜ್ಜ, ಮಾಲೆ ಹಾಕಿದೀರಾ?” ಎಂದು ಕೇಳಿದರು.

“ಇಲ್ಲ ಸ್ವಾಮಿ. ಮಾಲೆ ಇಲ್ಲ, ಮಾತ್ರೆ ಇಲ್ಲ, ಮನೇಲಿ ಯಾರೂ ಸತ್ತಿಲ್ಲ. ಈ ಜಾಗ ಸಿಗೋತನ್ಕ ಬಿಡ್ಬೇಕು ಅಂತ ಸಂಘದಲ್ಲಿ ಕೈ ಎತ್ತಿದ್ವಿ, ಬಿಟ್ಟಿದೀವಿ” ಅಂದೆ. ಜೋರಾಗಿ ಅಂದೆ, ಮೇನೇಜರಿಗೂ ಕೇಳಲಿ ಎಂದು. ಹೊರಗಿನವರ ಮುಂದೆ ನಿಜ ಹೇಳಿದ್ದು ಅದೇ ಮೊದಲು, ಮತ್ತು ಕೇಳಿದವರು ತಕ್ಷಣ ನಂಬಿದ್ದೂ ಅದೇ ಮೊದಲು.

ಬೇಲಿ ಸರ್ಕಾರಿ ಗಡಿಯ ಒಳಗೆ ಬಂದಿರುವುದು ಗೊತ್ತಾಯಿತು. ಇಡೀ ದಿಣ್ಣೆ ಎಸ್ಟೇಟಿನ ಗಡಿಯ ಹೊರಗಿನದೇ. ಮಹಜರು ಬರೆಯುವಾಗ ಅತ್ತಿಗೆ ನನ್ನ ಮನೆಯೊಳಗಿಂದ ಪೆಟ್ಟಿಗೆ ಹೊತ್ತು ತಂದು ಮೇನೇಜರ ಮುಂದೆ ಇಟ್ಟಳು.

“ನಿಮ್ ಸಾಮಾನು ಸಾರ್. ಟೇಪು ಹಾಗೇ ಇದೆ. ತಲುಪಿದೆ ಅಂತ ಒಂದು ಚೀಟಿ ಬರ್ಕೊಡಿ.”

“ನಮ್ದಲ್ಲ ಅದು” ಅಂದರು ಮೇನೇಜರು.

“ರೈಟ್ರೇ, ನಿಮ್ದಾ?”

ರೈಟರು ಪೆಟ್ಟಿಗೆಯನ್ನು ಜೀವಮಾನದಲ್ಲಿ ಮೊದಲ ಸಲ ನೋಡುವವರ ಹಾಗೆ ನೋಡಿದರು. “ಛೇ ಛೇ. ನಂಗೇನು ಗೊತ್ತು?”

“ನಮ್ದೂ ಅಲ್ಲ” ಅಂದಳು ಅತ್ತಿಗೆ.

ಸರ್ವೆಯವರು ಪೆನ್ನು ಎತ್ತಿ ಒಂದು ಗಳಿಗೆ ಯೋಚಿಸಿ, ಸ್ಥಳದಲ್ಲಿ ವಾರಸುದಾರರಿಲ್ಲದ, ತೆರೆಯದ ಮದ್ಯದ ಪೆಟ್ಟಿಗೆಯೊಂದು ಕಂಡುಬಂದಿದೆ ಎಂದು ಮಹಜರಿನಲ್ಲಿ ಒಂದು ಸಾಲು ಬರೆದರು. ಅದರ ಕೆಳಗೆ ಐದು ಸಹಿ. ನನ್ನ ಸಹಿ ಎಲ್ಲಕ್ಕಿಂತ ದೊಡ್ಡದು. ಮೇನೇಜರೂ ಹಾಕಿದರು, ಬೇರೆ ದಾರಿ ಇರಲಿಲ್ಲ; ಕಾಗದದಲ್ಲಿ ಬರೆದುಕೊಂಡು ಬಂದ ಕಾರಣ ಎದುರಿಗೆ ಬಾಚಿದ ತಲೆಯಲ್ಲಿ ನಿಂತು ನಗುತ್ತಿತ್ತು.

ಹಕ್ಕುಪತ್ರ ಕೈಗೆ ಬರಲು ಮುಂದೆ ಒಂದೂವರೆ ವರ್ಷ ಹಿಡಿಯಿತು. ಅಷ್ಟೂ ದಿನ ಕುಡಿದವರಿಗೆ ಬಾಯಿಲ್ಲ ಎಂಬ ಕಟ್ಟಳೆ ನಡೆಯಿತು. ಪತ್ರ ಹಂಚಿದ ದಿನ ದಿಣ್ಣೆಯ ಮೇಲೇ ಊಟ, ಕೋಳಿ ಸಾರು, ಕಡುಬು. ಚಿಕ್ಕಮಗಳೂರಿನಿಂದ ಮೇಷ್ಟ್ರು ಬಂದಿದ್ದರು, ಬರಿಗೈಯಲ್ಲಿ. ಕಟ್ಟಳೆ ಅವತ್ತಿಗೆ ಮುಗಿಯಿತು, ಇನ್ನು ಅವರವರ ಇಷ್ಟ ಎಂದು ಅತ್ತಿಗೆ ಎದ್ದು ಹೇಳಿದಳು. ಕೆಲವರು ಆ ವಾರವೇ ಶುರು ಮಾಡಿದರು, ನಾನೇನೂ ಅವರನ್ನು ಬೈಯಲು ಹೋಗಿಲ್ಲ. ಸಂಘದಲ್ಲಿ ಮಾತ್ರ ಕುಡಿದು ಮಾತಾಡುವಂತಿಲ್ಲ ಎಂಬುದನ್ನು ಮತ್ತೆ ಕೈ ಎತ್ತಿ ಉಳಿಸಿಕೊಂಡೆವು. ಮೊದಲು ಎದ್ದ ಕೈಗಳಲ್ಲಿ ಮೇಷ್ಟ್ರದೂ ಒಂದು.

ಊಟ ಆದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಏನಾದರೂ ಮಾಡಿ ತೋರಿಸು ಮಾರಾಯ ಎಂದ ಒಬ್ಬ. ಗುಂಪಿನ ನಡುವೆ ಖಾಲಿ ಹೊಟ್ಟೆಯಲ್ಲಿ ಅಲ್ಲ, ಖಾಲಿ ತಲೆಯಲ್ಲಿ ನಿಂತೆ. ಆಮೇಲೆ ಒಂದು ಅಡುಗೆ ಪಾತ್ರೆ ಎತ್ತಿ ನೆಲದ ಮೇಲಿಟ್ಟು, ಅದನ್ನು ಜೀವಮಾನದಲ್ಲಿ ಮೊದಲ ಸಲ ನೋಡುವ ರೈಟರಾದೆ. ‘ಛೇ ಛೇ’ ಎಂದೆ, ಅವರದೇ ಗಂಟಲಿನಲ್ಲಿ. ಮೇನೇಜರಾಗಿ ಪಾತ್ರೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಮತ್ತೆ ರೈಟರಾಗಿ ಅವರ ಹಿಂದೆ ಅಡಗಿದೆ. ಜನ ನಗುತ್ತಿದ್ದರು, ಆದರೆ ನಾನು ನೋಡುತ್ತಿದ್ದದ್ದು ಒಬ್ಬಳನ್ನೇ.

ಅತ್ತಿಗೆ ಮೊದಲು ಸೆರಗು ಬಾಯಿಗೆ ಅಡ್ಡ ಹಿಡಿದಳು. ಹಿಡಿದದ್ದು ಸಾಲಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಗ್ಗಿ, ಕೊನೆಗೆ ನಿಲ್ಲಲಾರದೆ ಕೂತುಬಿಟ್ಟಳು, ತನ್ನದೇ ಹದಿನಾಲ್ಕನೇ ನಂಬರಿನ ಸೈಟಿನ ಹುಲ್ಲಿನ ಮೇಲೆ.

“ಸಾಕು ಮಾರಾಯ, ನಿಲ್ಸು, ಹೊಟ್ಟೆ ನೋಯ್ತದೆ” ಅಂದಳು.

ನಾನು ನಿಲ್ಲಿಸಲಿಲ್ಲ.